ಎಂಬಿಎ ಹುಡುಗನ ‘ಓಬಿ’ ಪುರಾಣ

ಎಂಬಿಎ ಮೊದಲ ಸೆಮಿಸ್ಟರಿನ ಹುಡುಗನಿಗೆ ಫೈನಾನ್ಸ್ ಅಂದರೆ ಭಕ್ತಿ, ಮಾರ್ಕೆಟಿಂಗ್ ಅಂದರೆ ಪ್ರೀತಿ, ‘ಓಬಿ’ ಅಂದರೆ ಆಕಳಿಕೆ. ಆರ್ಗನೈಸೇಷನಲ್ ಬಿಹೇವಿಯರ್, ಅಂದರೆ ಕೆಲಸದ ಜಾಗದಲ್ಲಿ ಮನುಷ್ಯರ ನಡವಳಿಕೆಯ ಪಾಠ, ಎಂದು ಪೂರ್ತಿ ಹೇಳುವಷ್ಟು ತಾಳ್ಮೆಯೂ ಅವನಿಗಿಲ್ಲ. ‘ಎಲ್ಲ ಕಾಮನ್‌ಸೆನ್ಸ್ ಗುರು, ಹಿಂದಿನ ರಾತ್ರಿ ಓದಿದ್ರೆ ಸಾಕು’ ಎಂಬುದು ಹಾಸ್ಟೆಲಿನ ತೀರ್ಪು. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲಾಗಿ ಜೋಡಿಸುವ ಮಾಸ್ಲೊನ ಪಿರಮಿಡ್ಡು ಬರೆದು ಬಣ್ಣ ತುಂಬಿದರೆ ಪಾಸು ಖಂಡಿತ ಎಂದು ಸೀನಿಯರುಗಳು ಅಭಯ ಕೊಟ್ಟಿರುತ್ತಾರೆ. (1943ರ ಲೇಖನದಲ್ಲಿ ಮಾಸ್ಲೊ ಪಿರಮಿಡ್ಡನ್ನೇ ಬರೆದಿರಲಿಲ್ಲ. ಇರಲಿ.)

ಈ ತಾತ್ಸಾರ ದಡ್ಡತನದ್ದಲ್ಲ. ಉತ್ತರ ಕಿವಿಗೆ ಬಿದ್ದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಅನ್ನಿಸುವುದೇ ಈ ವಿಷಯದ ದುರದೃಷ್ಟ. ಅವನದೇ ಗ್ರೂಪ್ ಅಸೈನ್‌ಮೆಂಟ್ ನೋಡಿ. ಮುಖಪುಟದಲ್ಲಿ ಆರು ಹೆಸರು. ಬರೆದವಳು ಒಬ್ಬಳು. ಒಬ್ಬ ಫಾಂಟ್ ಬದಲಿಸಿದ, ಒಬ್ಬ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದ, ನಮ್ಮ ನಾಯಕ ‘ಥ್ಯಾಂಕ್ಯೂ’ ಸ್ಲೈಡಿಗೆ ಗುಲಾಬಿ ಅಂಟಿಸಿ ರಾತ್ರಿಯೆಲ್ಲ ಕೆಲಸ ಮಾಡಿದವನಂತೆ ಕಣ್ಣುಜ್ಜಿಕೊಂಡ. ಫ್ರಾನ್ಸಿನ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗದಲ್ಲಿ ಕಂಡದ್ದೂ ಇದನ್ನೇ: ಕೈಗಳು ಹೆಚ್ಚಿದಂತೆ ಒಬ್ಬೊಬ್ಬನ ಎಳೆತ ಕಡಿಮೆ. ತೇರಿನ ಮಿಣಿ ಹಿಡಿದವರೆಲ್ಲ ಎಳೆಯುವುದಿಲ್ಲ ಎಂದು ಊರಿಗೇ ಗೊತ್ತು, ಇದಕ್ಕೊಂದು ಶಾಸ್ತ್ರ ಬೇಕೆ ಎಂದು ಹುಡುಗ ಕೇಳಬಹುದು. ಬೇಕು. ಆ ನಷ್ಟ ಸೋಮಾರಿತನದ್ದೋ, ಎಲ್ಲರ ಎಳೆತವೂ ಒಂದೇ ಗಳಿಗೆಗೆ ಕೂಡಿಬರದಿದ್ದುದರದ್ದೋ ಎಂಬುದು ಊರಿಗೆ ಗೊತ್ತಿರಲಿಲ್ಲ. 1974ರಲ್ಲಿ ಅಮೆರಿಕದ ಸಂಶೋಧಕರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಎಳೆಯುವ ನಾಟಕವಾಡುವವರನ್ನು ನಿಲ್ಲಿಸಿದರು. ನಿಜವಾಗಿ ಎಳೆಯುತ್ತಿದ್ದವನು ಅವನೊಬ್ಬನೇ. ಜೊತೆಗೆ ಜನರಿದ್ದಾರೆಂಬ ನಂಬಿಕೆಯೊಂದಕ್ಕೇ ಅವನ ಕೈ ಸಡಿಲವಾಯಿತು.

ಇಂಥ ಪ್ರಯೋಗಗಳೂ ಅಲುಗಾಡುತ್ತವಲ್ಲ ಎಂಬ ಆಕ್ಷೇಪ ‘ಶಾಸ್ತ್ರ ಬೇಕೆ’ ಎಂಬುದಕ್ಕಿಂತ ಗಟ್ಟಿಯಾದದ್ದು. ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಲ್ಲಿ ಶುರುವಾದ ಬೆಳಕಿನ ಪ್ರಯೋಗದ ಅಂಕಿಗಳನ್ನು 2011ರಲ್ಲಿ ಮತ್ತೆ ತೂಗಿದಾಗ, ಬೆಳಕು ಬದಲಾದಾಗಲೆಲ್ಲ ಕೆಲಸ ಹೆಚ್ಚಿತೆಂದು ಪಠ್ಯಪುಸ್ತಕ ಹಾಡಿ ಹೊಗಳಿದ್ದ ಫಲಿತಾಂಶ ಬಹುಪಾಲು ಕರಗಿತು. ಒಪ್ಪೋಣ. ಆದರೆ ಕಾಮನ್‌ಸೆನ್ಸನ್ನು ಹೀಗೆ ಮರುತನಿಖೆ ಮಾಡುವವರು ಯಾರು? ತಪ್ಪೆಂದು ತೋರಿಸಲು ಸಾಧ್ಯವಿರುವ ಮಾತನ್ನು ಪುರಾಣ ಎಂದು ತಳ್ಳುವಂತಿಲ್ಲ.

ಹುಡುಗ ಮನಸ್ಸು ಬದಲಿಸುವುದು ಈ ವಾದ ಕೇಳಿ ಅಲ್ಲ, ಇಂಟರ್ನ್‌ಶಿಪ್ಪಿಗೆ ಹೋಗಿ. ಎಕ್ಸೆಲ್ ಶೀಟು ಎಷ್ಟೇ ಸರಿಯಿರಲಿ, ಸ್ಟೋರ್ಸಿನ ಹಿರಿಯ ಗುಮಾಸ್ತರು ‘ನಾಳೆ ಬಾಪ್ಪ’ ಎಂದರೆ ಪ್ರಾಜೆಕ್ಟು ಅಲ್ಲೇ ನಿಂತಿತು. ‘ನಾಳೆ ಬಾಪ್ಪ’ಕ್ಕೆ ಫೈನಾನ್ಸಿನಲ್ಲಿ ಸೂತ್ರವಿಲ್ಲ. ಓಬಿಯ ಹಳೇ ನೋಟ್ಸು ಹುಡುಕುತ್ತಾನೆ, ಪಾಪ. ಆಮೇಲೆ ಅವನ ಕಾಟ ಇನ್ನೊಂದು ಬಗೆಯದು. ಮೆಸ್ಸಿನ ಸಾರು ನೀರಾದರೆ, ಕೆಟ್ಟಾಗ ಮಾತ್ರ ಗಮನಕ್ಕೆ ಬರುವ ‘ಹರ್ಜ್‌ಬರ್ಗ್ ಹೇಳಿದ ಹೈಜೀನ್ ಫ್ಯಾಕ್ಟರ್’, ಅಪ್ಪ ಗದರಿದರೆ, ಕೆಲಸಗಾರರೆಲ್ಲ ಸೋಮಾರಿಗಳೆಂದು ನಂಬುವ ‘ಥಿಯರಿ ಎಕ್ಸ್’. ಮೊದಲಿನ ಆಕಳಿಕೆಯೇ ವಾಸಿಯಿತ್ತು ಅನ್ನಿಸಿದರೂ, ಗುಮಾಸ್ತರ ಮುಂದೆ ಕುರ್ಚಿ ಎಳೆದು ಕೂತು, ಅವರ ಕಷ್ಟವೇನೆಂದು ಕೇಳುವಷ್ಟು ಅವನು ಬೆಳೆದಿದ್ದಾನೆ.

ಆದ್ದರಿಂದ ಕಾಲೇಜುಗಳಿಗೊಂದು ಕೋರಿಕೆ: ಓಬಿಯನ್ನು ಮೊದಲ ಸೆಮಿಸ್ಟರಿನಲ್ಲಿ ಮುಗಿಸಿ ಕೈತೊಳೆದುಕೊಳ್ಳಬೇಡಿ, ಇಂಟರ್ನ್‌ಶಿಪ್ ಆದ ಮೇಲೆ ಇನ್ನೊಮ್ಮೆ ಕಲಿಸಿ. ಗ್ರೂಪ್ ಅಸೈನ್‌ಮೆಂಟಿನಲ್ಲಿ ಬರೆದವಳಿಗೂ ಗುಲಾಬಿ ಅಂಟಿಸಿದವನಿಗೂ ಒಂದೇ ಮಾರ್ಕು ಕೊಡುವುದನ್ನು ಮಾತ್ರ ಈ ವರ್ಷವೇ ನಿಲ್ಲಿಸಿ.