ಟರ್ಮಿನಲ್ ಸೆಷನ್ ಮೀಮಾಂಸೆ ಅಥವಾ ರೋಣ-ನರಗುಂದ-ಗಜೇಂದ್ರಗಡ ಪ್ರಸ್ಥಾನತ್ರಯ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರವನ್ನು ಆರಂಭಿಸತಕ್ಕುದಲ್ಲವೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಆ ಋಣವನ್ನು ಮೊದಲು ತೀರಿಸುವೆನು. ಅಧಿಕಾರಿ ಯಾರೆಂದರೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ನೌಕರನಾಗಿದ್ದು, 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪನ್ನು ಬಗಲಿಗೇರಿಸಿಕೊಂಡು ಗಜೇಂದ್ರಗಡದ ಅಜ್ಜನ ಮನೆಗೆ ಮರಳಿದ ತರುಣ. ವಿಷಯವು ಅಮೆರಿಕದ ಬ್ಯಾಂಕೊಂದರ ಮೇನ್‌ಫ್ರೇಮಿನೊಳಗೆ ಅವನಿಗೆ ಪ್ರವೇಶ ದೊರಕಿಸುವ ಸೆಷನ್ ಸೆಟ್ಟಿಂಗು. ಸಂಬಂಧವು ಇಂಟರ್‌ನೆಟ್ ಕೇಬಲ್ಲಿನವನ ಕೃಪಾಧೀನ. ಪ್ರಯೋಜನವು ಪಗಾರ.

ಇಲ್ಲಿ ಪ್ರಥಮತಃ ಗ್ರಹಿಸತಕ್ಕ ತತ್ತ್ವವೇನೆಂದರೆ, ಮೇನ್‌ಫ್ರೇಮು ಲ್ಯಾಪ್‌ಟಾಪನ್ನು ಲ್ಯಾಪ್‌ಟಾಪೆಂದು ಅಂಗೀಕರಿಸುವುದಿಲ್ಲ. 1971ರಲ್ಲಿ ಐಬಿಎಂ ಹೊರತಂದ 3270 ಎಂಬ ವಂಶದ, ಸ್ವಂತ ಬುದ್ಧಿ ಅತ್ಯಲ್ಪವಾಗಿದ್ದ ಪರದೆಗಳಿಗಷ್ಟೇ ಅಲ್ಲಿ ಮರ್ಯಾದೆಯಾದಕಾರಣ, ಎಮ್ಯುಲೇಟರ್ ಎಂಬ ತಂತ್ರಾಂಶವು, ದೊಡ್ಡಾಟದಲ್ಲಿ ಊರಗೌಡನೇ ದೂತನ ಪಾತ್ರ ಕಟ್ಟಿ ಕೈಮುಗಿದು ನಿಲ್ಲುವಂತೆ, ಅಪಾರ ಶಕ್ತಿಯುಳ್ಳ ಯಂತ್ರಕ್ಕೆ ಆ ದೀನಪರದೆಯ ವೇಷವನ್ನು ತೊಡಿಸುತ್ತದೆ. 24 ಸಾಲು, 80 ಅಂಕಣ, ಒಟ್ಟು 1,920 ಅಕ್ಷರಗಳು. ಇದೇ ಮಾಡೆಲ್ 2 ಎಂದು ಪ್ರಸಿದ್ಧವಾದ ಪರದೆ. ಎಂಬತ್ತೇ ಏಕೆ, ತೊಂಬತ್ತೇಕಲ್ಲ ಎಂಬ ಜಿಜ್ಞಾಸುವಿಗೆ ಉತ್ತರವಿದೆ: 1928ರಲ್ಲಿ ಅದೇ ಐಬಿಎಂ ರೂಪಿಸಿದ ಪಂಚ್ ಕಾರ್ಡಿನಲ್ಲಿ 80 ಅಂಕಣಗಳಿದ್ದುವು. ಕಾರ್ಡು ಕಾಲವಶವಾದರೂ ಅದರ ಅಗಲವು ನಮ್ಮ ತರುಣನ ಕಣ್ಣೆದುರು ಹಸುರು ಅಕ್ಷರಗಳಲ್ಲಿ ಇಂದಿಗೂ ಜೀವಿಸಿದೆ.

ಇನ್ನು ಈ ಸೆಟ್ಟಿಂಗನ್ನು ಕುರಿತ ಮೂರು ಪ್ರಸ್ಥಾನಗಳ ಮಾತು. ರೋಣವು ದ್ರೋಣಾಚಾರ್ಯರ ಊರೆಂಬ ಐತಿಹ್ಯವುಂಟಷ್ಟೆ. ಪ್ರತಿಮೆಯನ್ನೇ ಗುರುವೆಂದು ಭಾವಿಸಿ ದೂರದಿಂದಲೇ ವಿದ್ಯೆಯನ್ನು ಸಾಧಿಸಿದ ಏಕಲವ್ಯನು ಎಮ್ಯುಲೇಷನ್ನಿನ ಆದ್ಯಪ್ರವರ್ತಕನೆಂಬುದು ರೋಣಮತ. ಅವನ ಹೆಬ್ಬೆರಳು ದಕ್ಷಿಣೆಯಾಗಿ ಸಂದುದಕ್ಕೂ, 3270 ಸಂಪ್ರದಾಯದ ಕೀಬೋರ್ಡಿನಲ್ಲಿ ಎಂಟರ್ ಎಂಬ ಆಜ್ಞೆಯು ಎಂಟರ್ ಕೀಲಿಯಲ್ಲಿ ವಾಸಿಸದೆ ದಕ್ಷಿಣಪಾರ್ಶ್ವದ ಕಂಟ್ರೋಲ್ ಕೀಲಿಗೆ ವಲಸೆ ಹೋಗಿರುವುದಕ್ಕೂ ಕಾರ್ಯಕಾರಣಭಾವವನ್ನು ಈ ಮತದವರು ಕಲ್ಪಿಸುತ್ತಾರೆ. ಎಂಟರನ್ನು ಒತ್ತಿದವನ ಕರ್ಸರು ಬರಿದೆ ಮುಂದಿನ ಸಾಲಿಗೆ ಇಳಿದು ನಿಲ್ಲುತ್ತದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಇದನ್ನು ತಿದ್ದಿಕೊಳ್ಳಬಹುದೆಂದು ಆಧುನಿಕರು ಹೇಳುವುದುಂಟು. ತಿದ್ದಿಕೊಂಡವರು ಅನ್ಯರ ಲ್ಯಾಪ್‌ಟಾಪಿನ ಮುಂದೆ ಕುಳಿತು ಪೇಚಾಡುವುದೂ ಉಂಟು.

ನರಗುಂದದ ಪ್ರಸ್ಥಾನವು ನಿರಾಕರಣವಾದ. ದತ್ತಕಕ್ಕೆ ಅನುಮತಿ ಬೇಡಿದ ಅಲ್ಲಿಯ ಅರಸ ಬಾಬಾಸಾಹೇಬ ಭಾವೆಗೆ ಇಂಗ್ಲಿಷರು ಆಗದೆಂದುದು 1858ರ ಬಂಡಾಯದ ಕಾರಣಗಳಲ್ಲೊಂದಾಯಿತು. ನೀರಾವರಿ ಕರದ ವಿರುದ್ಧ 1980ರಲ್ಲಿ ಮಲಪ್ರಭೆಯ ರೈತರು ತಿರುಗಿ ನಿಂತದ್ದೂ ಅದೇ ಮಣ್ಣಿನಲ್ಲಿ. ಈ ಮತದವನು 27 ಸಾಲು, 132 ಅಂಕಣಗಳ ಮಾಡೆಲ್ 5 ಅನ್ನೇ ಆರಿಸಿ, ಸಾಧನಕ್ಕೆ ತನಗೆ ಬೇಕಾದ ಹೆಸರನ್ನೇ ನಮೂದಿಸಿ, ಕನೆಕ್ಟ್ ಒತ್ತುತ್ತಾನೆ. ಅತ್ತಣಿಂದ ತಿರಸ್ಕಾರ ಬರುತ್ತದೆ. ಈ ಹೆಸರಿನ ಸಾಧನವು ಈಗಾಗಲೇ ಬಳಕೆಯಲ್ಲಿದೆ ಎಂಬಂಥ ಚುಟುಕು ಕಾರಣವನ್ನು ಹೇಳುವುದರಲ್ಲಿಯೂ, ಹಿಂದೆಯೇ ದಂಡನ್ನು ಕಳುಹಿಸದಿರುವುದರಲ್ಲಿಯೂ ಮೇನ್‌ಫ್ರೇಮು ಕಂಪನಿ ಸರಕಾರಕ್ಕಿಂತ ಸಜ್ಜನನೆಂದು ಒಪ್ಪಬೇಕು.

ಸಿದ್ಧಾಂತಪಕ್ಷವು ಗಜೇಂದ್ರಗಡದ್ದು. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದವನ್ನು ಹಿಡಿದುದರಿಂದ ಬೆಳೆದ ಮರಾಠ-ಮೈಸೂರು ಕಲಹವು 1787ರಲ್ಲಿ ಶಮನಗೊಂಡುದು ಗಜೇಂದ್ರಗಡದ ಒಪ್ಪಂದದಿಂದಾದ್ದರಿಂದ, ಮಾತುಕತೆಯ ಶಾಸ್ತ್ರಕ್ಕೆ ಈ ಊರೇ ಪೀಠವೆಂಬುದು ನಿರ್ವಿವಾದ. ಟಿಎನ್3270ಇ ಎಂಬ ಸಂಪರ್ಕವಿಧಿಯು ಆ ಒಪ್ಪಂದದ ಅನುಕರಣವೆಂದೇ ನನ್ನ ಮತ. ಸಾದಾ ಬಾಗಿಲಾದ 23ನೆಯ ಪೋರ್ಟಿನಲ್ಲೋ, ಗೂಢಲಿಪಿಯ ಕಾವಲುಳ್ಳ 992ನೆಯದರಲ್ಲೋ ತರುಣನು ಬಂದು ನಿಂತೊಡನೆ, "ನೀನಾವ ಕುಲದ ಯಂತ್ರ?" ಎಂದು ಒಳಗಿನವರು ಕೇಳುತ್ತಾರೆ. "ಐಬಿಎಂ-3278-2-ಇ ಆಗಲು ಅಪ್ಪಣೆಯಾಗಬೇಕು" ಎಂದು ಲ್ಯಾಪ್‌ಟಾಪು ವಿನಂತಿಸುತ್ತದೆ. "ಹಾಗೆಯೇ ಆಗು, ನಿನ್ನ ಆಸನ ಇದು" ಎಂದು ಎಂಟು ಅಕ್ಷರ ಮೀರದ ಎಲ್‌ಯು (ಲಾಜಿಕಲ್ ಯೂನಿಟ್) ಹೆಸರೊಂದು ಲಭಿಸುತ್ತದೆ. ಸೆಟ್ಟಿಂಗೆಂದು ನಾವು ಗಂಭೀರವಾಗಿ ಕರೆಯುವುದು ಆಜ್ಞಾಪತ್ರವಲ್ಲ, ಬಿನ್ನವತ್ತಳೆ ಎಂಬುದು ಇಷ್ಟರಿಂದಲೇ ಸ್ಪಷ್ಟ.

ಆದರೂ ಕೋಡ್ ಪೇಜ್ ಎಂಬ ಒಂದು ಸ್ಥಾನದಲ್ಲಿ ತರುಣನಿಗೆ ಪೂರ್ಣ ಸ್ವಾತಂತ್ರ್ಯವಿದೆ, ಅನಾಹುತಗಳೆಲ್ಲ ಅಲ್ಲಿಯೇ. ಮೇನ್‌ಫ್ರೇಮು ಎಬ್ಸಿಡಿಕ್ ಎಂಬ ತನ್ನದೇ ಅಕ್ಷರಸಂಖ್ಯಾಪದ್ಧತಿಯನ್ನು ಅನುಸರಿಸುವುದರಿಂದ, ಯಾವ ಸಂಖ್ಯೆಗೆ ಯಾವ ಅಕ್ಷರವೆಂಬುದನ್ನು ಕೋಡ್ ಪೇಜು ನಿರ್ಣಯಿಸುತ್ತದೆ. ಅಮೆರಿಕದ 037ರ ಬದಲು ಬ್ರಿಟನ್ನಿನ 285ನ್ನು ಆರಿಸಿದರೆ, ಬ್ಯಾಂಕಿನ ಲೆಕ್ಕದಲ್ಲಿ ಡಾಲರು ಇದ್ದೆಡೆಯಲ್ಲೆಲ್ಲ ಪೌಂಡು ಮೆರೆಯುತ್ತದೆ; ಒಂದು ಕಾಸೂ ಕೈ ಬದಲಾಗದೆ ಅಮೆರಿಕವು ಬ್ರಿಟಿಷರ ವಸಾಹತಾಗಿ ಪುನಃ ಪರಿವರ್ತಿತವಾಗುತ್ತದೆ. 1047ರಲ್ಲಿ ಬರೆದ ಎಡ ಚೌಕ ಕಂಸವನ್ನು 037ರಲ್ಲಿ ಓದಿದರೆ, ಕಂಸವಿದ್ದಲ್ಲಿ ತಲೆಯ ಮೇಲೆ ಕೊಕ್ಕೆ ಹೊತ್ತ ವೈ ಅಕ್ಷರ ನಿಂತಿರುತ್ತದೆ. ಪ್ರೋಗ್ರಾಮು ಸರಿಯಾಗಿಯೇ ಇರುತ್ತದೆ, ಓದುವವನು ಅದನ್ನು ತಿದ್ದಿ ಕೆಡಿಸುವವರೆಗೆ.

ಪರದೆಯ ತಳದ ಸಾಲಿನಲ್ಲಿ ಎಕ್ಸ್ ಗುರುತು, ಅದರ ಪಕ್ಕದಲ್ಲಿ ಪುಟ್ಟ ಗಡಿಯಾರ ಮೂಡಿದಾಗ ಕೀಬೋರ್ಡಿಗೆ ಬೀಗ ಬಿದ್ದಿರುತ್ತದೆ. ಅಂಥದೊಂದು ಸಂದರ್ಭದಲ್ಲಿ ಅಜ್ಜನು ಹಿಂದೆ ಬಂದು ಬಾಗಿ ನೋಡಿದನು.

"ತಮ್ಮಾ, ಮೂಲ್ಯಾಗ ಗಡಿಯಾರ ಐತಲ್ಲ, ಹೊತ್ತೆಷ್ಟಾತು?"

"ಅದು ಹೊತ್ತು ತೋರ್ಸೂದಲ್ಲೋ ಅಜ್ಜಾ. ಅತ್ತಾಗಿಂದ ಉತ್ತರ ಬರೂತನಕಾ ಸುಮ್ನ ಕುಂದರ್ಬೇಕು ಅಂತ."

"ತಹಶೀಲ್ದಾರ್ ಕಚೇರಿ ಅನ್ನು."

ಆ ಕ್ಷಣದಲ್ಲಿ ಕರೆಂಟು ಹೋಯಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಲೇ ಇದ್ದುವು. ವಿದ್ಯುತ್ತನ್ನು ಉತ್ಪಾದಿಸುವ ಊರಿಗೆ ಅದು ದೊರಕಬೇಕೆಂಬ ನಿಯಮವು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಕರೆಂಟು ಬಂದ ಬಳಿಕ ತರುಣನು ಟಿಎಸ್‌ಒ ಎಂಬ ಮೇನ್‌ಫ್ರೇಮ್ ವ್ಯವಸ್ಥೆಗೆ ಮರಳಿ ಲಾಗಾನ್ ಆಗಲು ಹೋದರೆ, ಈ ಯೂಸರ್ ಐಡಿ ಬಳಕೆಯಲ್ಲಿದೆ, ಪ್ರವೇಶವಿಲ್ಲ ಎಂಬ ಉತ್ತರ. ಲಾಗಾಫ್ ಮಾಡದೆ ಸಂಪರ್ಕ ಕಡಿದುದರಿಂದ, ಅವನ ಹಳೆಯ ಸೆಷನ್ನು ಅಲ್ಲಿ ಇನ್ನೂ ಪೀಠಸ್ಥವಾಗಿತ್ತು. ಲಾಗಾನ್ ಪರದೆಯಲ್ಲಿ ರಿಕನೆಕ್ಟ್ ಎಂಬ ಪದದ ಮುಂದೆ ಎಸ್ ಅಕ್ಷರವನ್ನು ಬರೆದು ಕಳುಹಿಸುವುದೇ ಇದಕ್ಕೆ ವಿಹಿತವಾದ ಪ್ರಾಯಶ್ಚಿತ್ತವೆಂದು ಅವನು ಅಜ್ಜನಿಗೆ ವಿವರಿಸಿದನು.

ಅಜ್ಜನು ಬಹಳ ಹೊತ್ತು ಯೋಚಿಸಿದನು. "ಅಂದ್ರ ಒಳಗ ಕುಂತಾಂವನೂ ನೀನ, ಹೊರಗ ನಿಂತಾಂವನೂ ನೀನ?"

"ಹೂಂ ಅಜ್ಜಾ."

"ಪಗಾರ ಇಬ್ಬರಿಗೂ ಬರತೈತೇನು?"