ಆ ಡಬ್ಬಿಯ ಬೀಗದ ಕೈ ಯಾರ ಹತ್ರ, ಮೇಷ್ಟ್ರೇ?

ಕ್ಯಾಮೆರಾ ಹಾಕಿಸ್ತಿದೀರಂತೆ ಮೇಷ್ಟ್ರೇ, ಒಳ್ಳೆ ಕೆಲಸ. ನಿನ್ನೆ ಆ ಹುಡುಗ ಏಣಿ ಹತ್ತಿ ನಿಮ್ಮ ಜಗುಲಿ ಅಳೀತಿದ್ದಾಗಲೇ ಅಂದ್ಕೊಂಡೆ, ಪುಣೆಯಿಂದ ಮಗಳ ಒತ್ತಾಯ ಬಂದಿರಬೇಕು ಅಂತ. ಅವಳು ಹೇಳೋದರಲ್ಲಿ ತಪ್ಪೇನಿದೆ? ನೀವಿಬ್ಬರೇ ಇರೋ ಮನೆ. ಅಂಗಳದ ತುಂಬ ಅಡಿಕೆ ಒಣಗ್ತಿರೋ ದಿನಗಳಲ್ಲಿ ನಾಯಿ ಸ್ವಲ್ಪ ಜೋರಾಗಿ ಬೊಗಳಿದರೆ ಸಾಕು, ಟಾರ್ಚ್ ಹಿಡಿದು ಕತ್ತಲಲ್ಲಿ ಹೊರಗೆ ಬಂದುಬಿಡ್ತೀರಿ. ಈ ವಯಸ್ಸಿನಲ್ಲಿ ಅದು ಬೇಡ. ಹಾಸಿಗೆ ಮೇಲೆ ಕೂತೇ ಫೋನಲ್ಲಿ ಅಂಗಳ ನೋಡೋ ಹಾಗಾದರೆ ನನಗೂ ನೆಮ್ಮದಿ. ಆದರೆ ಆ ಹುಡುಗ ಕೆಲಸ ಮುಗಿಸಿ ದುಡ್ಡು ತಗೊಂಡು ಹೋಗೋ ಮುಂಚೆ ನೀವು ಕೇಳಿ ತಿಳ್ಕೋಬೇಕಾದ್ದು ಒಂದಿಷ್ಟಿದೆ. ಪಾಲಿಟೆಕ್ನಿಕ್‌ನಲ್ಲಿ ದಿನಾ ಇದನ್ನೇ ಪಾಠ ಹೇಳೋಳು ನಾನು, ಪಕ್ಕದ ಮನೆಗೆ ಹೇಳದೆ ಹೇಗೆ ಸುಮ್ಮನಿರಲಿ?

ಕೊಟೇಶನ್ ಕೊಟ್ಟಿದಾನಲ್ಲ, ಅದರಲ್ಲಿ ಡಿವಿಆರ್ ಅಂತಿದೆಯೋ ಎನ್‌ವಿಆರ್ ಅಂತಿದೆಯೋ? "ಎರಡೂ ಒಂದೇ ಅಲ್ವೇನಮ್ಮ" ಅಂದ್ರಿ. ರೆಕಾರ್ಡ್ ಮಾಡೋ ಕೆಲಸ ಎರಡೂ ಮಾಡ್ತವೆ, ವೈರಿಂಗ್ ಬೇರೆ ಬೇರೆ. ಡಿವಿಆರ್ ಆದರೆ ಪ್ರತಿ ಕ್ಯಾಮೆರಾದಿಂದ ತ್ರೀ ಪ್ಲಸ್ ಒನ್ ಕೇಬಲ್ ಬರತ್ತೆ. ಅದರೊಳಗಿನ ಒಂದು ದಪ್ಪ ತಂತಿ ಚಿತ್ರ ತರತ್ತೆ, ಪಕ್ಕದ ಸಣ್ಣ ತಂತಿಗಳಲ್ಲಿ ಹನ್ನೆರಡು ವೋಲ್ಟ್ ಕರೆಂಟ್ ಹೋಗತ್ತೆ. ಎನ್‌ವಿಆರ್ ಆದರೆ ಕಂಪ್ಯೂಟರಿಗೆ ಹಾಕೋ ಕ್ಯಾಟ್ ಸಿಕ್ಸ್ ಕೇಬಲ್ ಒಂದೇ. ಕರೆಂಟೂ ಚಿತ್ರವೂ ಅದರಲ್ಲೇ ಹೋಗ್ತವೆ, ಅದಕ್ಕೆ ಪಿಒಇ ಅಂತಾರೆ. ಆ ಕೇಬಲ್ 100 ಮೀಟರ್ ದಾಟೋ ಹಾಗಿಲ್ಲ. ಮನೆ ಸುತ್ತ ನಾಲ್ಕು ಕ್ಯಾಮೆರಾಕ್ಕೆ ಧಾರಾಳ ಸಾಕು. ತೋಟದ ಗೇಟಿನವರೆಗೆ ಬೇಕು ಅಂದ್ರೆ ಮಾತ್ರ ಬೇರೆ ಲೆಕ್ಕ. ಹೊಸದಾಗಿ ವೈರ್ ಎಳಿಸ್ತಿರೋರಿಗೆ ನಾನು ಎನ್‌ವಿಆರ್ ಅಂತಲೇ ಹೇಳೋದು. ಚಿತ್ರ ಸ್ಪಷ್ಟ, ಮುಂದೆ ಕ್ಯಾಮೆರಾ ಬದಲಿಸೋದೂ ಸುಲಭ. ಕಾರ್ಡ್ ಹಾಕೋ ವೈಫೈ ಕ್ಯಾಮೆರಾ ಅಗ್ಗ ನಿಜ, ಆದರೆ ಕಳ್ಳ ಅದನ್ನೇ ಕಿತ್ಕೊಂಡು ಹೋದರೆ ರೆಕಾರ್ಡಿಂಗೂ ಅವನ ಜೇಬಿನಲ್ಲೇ ಹೋಗತ್ತೆ.

ಮಲೆನಾಡಿನಲ್ಲಿ ಇನ್ನೊಂದು ಕಾಟ ಇದೆ, ನಿಮಗೆ ಗೊತ್ತೇ ಇದೆ. ಏಪ್ರಿಲ್ ಮೇ ತಿಂಗಳ ಸಿಡಿಲು. ಹೊರಗೆ ಗೋಡೆ ಮೇಲೆ ಎಳೆದ ಉದ್ದದ ತಂತಿ ಹಿಡಿದು ಅದು ಒಳಗಿನ ರೆಕಾರ್ಡರ್ ಡಬ್ಬಿಗೇ ಬರಬಹುದು. ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಮೊದಲೇ ನೋಡಿಸಿ, ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಹೊರಗಿನ ಜಾಯಿಂಟ್ ಎಲ್ಲ ಪಿವಿಸಿ ಬಾಕ್ಸ್ ಒಳಗೇ ಇರಲಿ. ಬರೀ ಟೇಪ್ ಸುತ್ತಿಟ್ಟರೆ ನಮ್ಮ ಮಳೆಗೆ ಒಂದು ಜುಲೈ ಕಳೆಯೋ ಹೊತ್ತಿಗೆ ಪಿನ್ ಹಸಿರುಗಟ್ಟಿರತ್ತೆ. ಇನ್ವರ್ಟರ್ ಲೈನಿಗೆ ರೆಕಾರ್ಡರ್ ಒಂದನ್ನೇ ಕೊಟ್ಟು ಕೈತೊಳ್ಕೊಂಡು ಹೋಗೋರು ಇದಾರೆ. ಮೋಡೆಮ್ಮನ್ನೂ ಅದೇ ಲೈನಿಗೆ ಕೊಡ್ಲಿ. ಕರೆಂಟ್ ಹೋದಾಗ ಮೋಡೆಮ್ ಆರಿದರೆ ಪುಣೆಯಲ್ಲಿ ಕೂತೋಳಿಗೆ ಏನೂ ಕಾಣಲ್ಲ, ಮೊದಲೇ ಗಾಬರಿ ಬೀಳೋ ಹುಡುಗಿ.

"ಒಂದು ಟಿಬಿ ಹಾರ್ಡ್‌ಡಿಸ್ಕ್ ಅಂತೆ, ತಿಂಗಳುಗಟ್ಟಲೆ ಇರತ್ತಂತೆ" ಅಂದ್ರಿ. ಇರಲ್ಲ ಮೇಷ್ಟ್ರೇ. ನೀವು ಗಣಿತ ಹೇಳಿಕೊಟ್ಟೋರು, ಲೆಕ್ಕ ನೀವೇ ಹಾಕಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸತ್ತೆ ಅಂದ್ಕೊಳ್ಳಿ. ಎಂಟು ಬಿಟ್ಟಿಗೆ ಒಂದು ಬೈಟ್, ಅಲ್ಲಿಗೆ ಸೆಕೆಂಡಿಗೆ ಅರ್ಧ ಮೆಗಾಬೈಟ್. ದಿನಕ್ಕೆ 86,400 ಸೆಕೆಂಡ್. ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಜಿಬಿ ಆಯ್ತು, ನಾಲ್ಕಕ್ಕೆ 170ರ ಮೇಲೆ. ಒಂದು ಟಿಬಿ ಆರು ದಿನಕ್ಕೂ ಸಾಲಲ್ಲ. ಆಮೇಲೆ ಹಳೇದನ್ನು ಅಳಿಸಿ ಅದರ ಮೇಲೇ ಬರೀತಾ ಹೋಗತ್ತೆ. ನೀವು ಮಗಳ ಮನೆಗೆ ಹೋಗಿ ಹದಿನೈದು ದಿನ ಬಿಟ್ಟು ಬಂದು ಹಿಂದಿನ ಬಾಗಿಲ ಚಿಲಕ ಮುರಿದಿರೋದು ನೋಡಿದರೆ, ಆ ರಾತ್ರಿಯ ರೆಕಾರ್ಡಿಂಗ್ ಆಗಲೇ ಅಳಿಸಿಹೋಗಿರಬಹುದು. ಸೆಟ್ಟಿಂಗ್‌ನಲ್ಲಿ ಎಚ್.265 ಅಂತಿರತ್ತೆ, ಅದನ್ನು ಹಾಕಿದರೆ ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ ಅಷ್ಟೇ ಚೆನ್ನಾಗಿರೋ ಚಿತ್ರ ಕೂರತ್ತೆ. ಆಗ ಕ್ಯಾಮೆರಾಕ್ಕೆ 2 ಮೆಗಾಬಿಟ್ ಸಾಕು. 4 ಟಿಬಿ ಹಾಕಿಸಿದರೆ ತಿಂಗಳು ದಾಟಿ ನಲವತ್ತೈದು ದಿನದವರೆಗೂ ಉಳಿಯತ್ತೆ. ದುಡ್ಡು ಹಾಕೋದಿದ್ದರೆ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಇಲ್ಲಿ ಹಾಕಿ. ಹಳೇ ಕಂಪ್ಯೂಟರಿಂದ ಬಿಚ್ಚಿದ ಡಿಸ್ಕ್ ಮಾತ್ರ ಬೇಡ. ಹಗಲೂ ರಾತ್ರಿ ಬಿಡದೆ ಬರೆಯೋದಕ್ಕೆ ಅಂತಲೇ ಮಾಡಿದ ಸರ್ವೆಲೆನ್ಸ್ ಡಿಸ್ಕ್ ಸಿಗತ್ತೆ, ಅದನ್ನೇ ಕೇಳಿ.

ಈಗ ಮುಖ್ಯ ವಿಷಯ. ಫೋನಲ್ಲಿ ಕಾಣೋ ಹಾಗೆ ಮಾಡೋದು.

ಮೊದಲೆಲ್ಲ ಇದು ದೊಡ್ಡ ತಲೆನೋವು. ಮನೆಯ ಇಂಟರ್ನೆಟ್ಟಿಗೆ ಒಂದು ಸ್ಥಿರ ವಿಳಾಸ ಬೇಕಿತ್ತು, ರೂಟರಿನಲ್ಲಿ ಪೋರ್ಟ್ ತೆರೀಬೇಕಿತ್ತು. ಈಗ ಎಷ್ಟೋ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗೆ ಸೇರಿಸಿ ಒಂದೇ ಹೊರಗಿನ ವಿಳಾಸ ಕೊಡ್ತವೆ. ಹಾಗಾಗಿ ಹೊರಗಿನಿಂದ ನಿಮ್ಮನೆ ಡಬ್ಬಿಯನ್ನು ಹುಡುಕಿ ನೇರ ತಲುಪೋ ದಾರಿಯೇ ಇಲ್ಲ. ಅದಕ್ಕೇ ರೆಕಾರ್ಡರ್ ತಾನೇ ಹೊರಗೆ ಹೋಗಿ, ತನ್ನನ್ನು ತಯಾರಿಸಿದ ಕಂಪನಿಯ ಸರ್ವರಿಗೆ "ನಾನಿಲ್ಲಿದೀನಿ" ಅಂತ ಹೇಳಿಟ್ಟಿರತ್ತೆ. ನಿಮ್ಮ ಫೋನೂ ಅದೇ ಸರ್ವರನ್ನು ಕೇಳತ್ತೆ, ಅದು ಇಬ್ಬರನ್ನೂ ಜೋಡಿಸತ್ತೆ. ಡಬ್ಬಿ ಅಡಿಯಲ್ಲಿ ಕ್ಯೂಆರ್ ಚೀಟಿ ಅಂಟಿಸಿರ್ತಾರೆ, ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಐದು ನಿಮಿಷದ ಕೆಲಸ.

ಆ ಐದು ನಿಮಿಷ ನೀವು ಪಕ್ಕದಲ್ಲೇ ನಿಂತಿರಿ ಮೇಷ್ಟ್ರೇ. ಯಾಕೆ ಅಂದ್ರೆ ಮೊದಲು ಯಾರ ಖಾತೆಗೆ ಸೇರತ್ತೋ ಆ ಡಬ್ಬಿಗೆ ಅವರೇ ಯಜಮಾನರು. ಎಷ್ಟೋ ಕಡೆ ಹಾಕಿಸಿಕೊಡೋರು ತಮ್ಮ ಫೋನಲ್ಲಿ, ತಮ್ಮ ಖಾತೆಗೇ ಸೇರಿಸಿ, ಆಮೇಲೆ ಮನೆಯವರಿಗೆ ಶೇರ್ ಮಾಡಿ ಹೋಗ್ತಾರೆ. ಕೆಟ್ಟ ಬುದ್ಧಿಯಿಂದಲೇ ಮಾಡ್ತಾರೆ ಅಂತ ಹೇಳಲ್ಲ, ನಾಳೆ ರಿಪೇರಿಗೆ ಕರೆದರೆ ಅವರಿಗೆ ಅನುಕೂಲ. ಆದರೆ ಫಲ ಏನಾಯ್ತು? ನಿಮ್ಮ ಜಗುಲಿ, ಹೋಗಿ ಬರೋರು, ಮನೆ ಖಾಲಿ ಇರೋ ಹೊತ್ತು, ಎಲ್ಲವೂ ಪೇಟೆಯ ಅಂಗಡಿಯೊಂದರ ಫೋನಲ್ಲಿ ಕಾಣ್ತಿರತ್ತೆ. ನೀವು ನಿಮ್ಮನೆಯಲ್ಲೇ ಅತಿಥಿ. ಹೊಸ ಮನೆಗೆ ಬಾಗಿಲು ಮಾಡಿಸಿ ಬೀಗದ ಕೈ ಗೊಂಚಲನ್ನು ಬಡಗಿ ಹತ್ತಿರವೇ ಬಿಟ್ಟ ಹಾಗೆ ಇದು. ಅದಕ್ಕೇ ನಿಮ್ಮ ನಂಬರು, ನಿಮ್ಮ ಇಮೇಲ್ ಕೊಟ್ಟು ನಿಮ್ಮ ಫೋನಲ್ಲೇ ಖಾತೆ ತೆರೀರಿ, ನಿಮ್ಮ ಕೈಯಾರೆ ಸ್ಕ್ಯಾನ್ ಮಾಡಿ. ಆಮೇಲೆ ಮಗಳಿಗೆ ನೀವು ಶೇರ್ ಮಾಡಿ. ನೋಡೋದು ಮಾತ್ರವೋ, ಹಳೆ ರೆಕಾರ್ಡಿಂಗ್ ತೆಗೆಯೋದೂ ಬೇಕೋ, ಅದನ್ನೂ ಆಯ್ದು ಕೊಡಬಹುದು.

ಆ ಡಬ್ಬಿಯ ಒಳಗಿನ ಅಡ್ಮಿನ್ ಪಾಸ್‌ವರ್ಡೂ ಅಷ್ಟೇ. ಹುಡುಗ ಅವಸರದಲ್ಲಿ ಎಲ್ಲರ ಮನೆಗೂ ಹಾಕೋ ಒಂದೇ ಪಾಸ್‌ವರ್ಡ್ ಹಾಕ್ತಾನೆ. ಅವನು ಗೇಟು ದಾಟಿದ ಮೇಲೆ ನೀವು ಬದಲಾಯಿಸಿ, ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ. ಮರೆತರೆ ಮತ್ತೆ ಹೊಂದಿಸೋದಕ್ಕೆ ಕೇಳೋ ಪ್ರಶ್ನೆಗಳಿಗೂ ನೀವೇ ಉತ್ತರ ತುಂಬಿಸಿ.

"ನಮ್ಮನೆ ಅಂಗಳ ನೋಡಿ ಯಾರಿಗೇನಾಗಬೇಕು ಬಿಡಮ್ಮ" ಅಂತೀರಿ. ನಿಮ್ಮ ಅಂಗಳ ಅವರಿಗೆ ಬೇಡದೇ ಇರಬಹುದು, ಡಬ್ಬಿ ಬೇಕು. ಅದೂ ಒಂದು ಪುಟ್ಟ ಕಂಪ್ಯೂಟರೇ ತಾನೇ? 2016ರಲ್ಲಿ ಮಿರಾಯ್ ಅಂತ ಒಂದು ಪ್ರೋಗ್ರಾಮ್ ಬಂತು. ಕಾರ್ಖಾನೆಯಿಂದ ಬಂದ ಹಾಗೇ ಪಾಸ್‌ವರ್ಡ್ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಇಂಟರ್ನೆಟ್ಟಲ್ಲಿ ಹುಡುಕೋದು, ತನ್ನ ಹತ್ತಿರ ಇದ್ದ 60ರ ಆಸುಪಾಸಿನ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ನೋಡೋದು, ತೆರೆದರೆ ಒಳಗೆ ಸೇರ್ಕೊಳ್ಳೋದು, ಅಷ್ಟೇ ಅದರ ವಿದ್ಯೆ. ಹಾಗೆ ವಶ ಮಾಡ್ಕೊಂಡ ಡಬ್ಬಿಗಳ ದೊಡ್ಡ ದಂಡು ಕಟ್ಟಿ ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಅನ್ನೋ ಕಂಪನಿ ಮೇಲೆ ದಾಳಿ ಮಾಡಿದರು. ಜಾಲತಾಣಗಳ ಹೆಸರು ಕೊಟ್ಟರೆ ವಿಳಾಸ ಹೇಳೋ ಕಂಪನಿ ಅದು. ಅಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ತೆರೆಯಲಿಲ್ಲ. ಆ ಡಬ್ಬಿಗಳ ಯಜಮಾನರಿಗೆ ಒಂದೂ ಗೊತ್ತಾಗಲಿಲ್ಲ, ಅವರ ಕ್ಯಾಮೆರಾ ಎಂದಿನ ಹಾಗೇ ಅಂಗಳ ತೋರಿಸ್ತಾ ಇತ್ತು. ಹುಡುಗರಿಗೆ ಇದನ್ನು ಹೇಳುವಾಗ ನಾನು ಹೆಚ್ಚು ಒತ್ತಿ ಹೇಳೋ ಮಾತು ಇದೇ. ಆದ್ದರಿಂದ ಯಾರಾದರೂ ಪೋರ್ಟ್ ಫಾರ್ವರ್ಡ್ ಮಾಡಿಕೊಡ್ತೀನಿ ಅಂದ್ರೆ ಬೇಡ ಅನ್ನಿ. ರೂಟರಿನಲ್ಲಿ ಯುಪಿಎನ್‌ಪಿ ಅಂತಿರತ್ತೆ, ಅದನ್ನೂ ಆಫ್ ಮಾಡಿಬಿಡಲಿ. ವರ್ಷಕ್ಕೊಂದು ಸಲ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯಾ ನೋಡೋಣ.

ನಮ್ಮ ಸರ್ಕಾರವೂ ಎಚ್ಚೆತ್ತಿದೆ. ಕೇಂದ್ರದ ಐಟಿ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿ, ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಮಾಡ್ತು. 2025ರ ಏಪ್ರಿಲ್ 9ರಿಂದ ಅದು ಜಾರಿಗೆ ಬಂದಿದೆ. ಅಂಗಡಿಯಲ್ಲಿ ಹಳೇ ಸ್ಟಾಕ್ ಅಂತ ಕಮ್ಮಿಗೆ ಕೊಡೋಕೆ ಬಂದರೆ, ಆ ಎಸ್‌ಟಿಕ್ಯೂಸಿ ಪರೀಕ್ಷೆ ಆದ ಮಾಡೆಲ್ಲಾ ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಏನೂ ಬೇಡ.

ಇನ್ನು ನಮ್ಮ ನಿಮ್ಮ ನಡುವಿನ ಮಾತು. ನಿಮ್ಮ ಹಿಂದಿನ ಗೋಡೆಗೆ ಗುರುತು ಹಾಕಿದಾನಲ್ಲ, ಆ ಕ್ಯಾಮೆರಾ ನಿಮ್ಮ ಕೊಟ್ಟಿಗೆ ನೋಡೋ ಜೊತೆಗೆ ನಮ್ಮ ಹಿತ್ತಿಲನ್ನೂ ನೋಡತ್ತೆ. ಬಟ್ಟೆ ಒಗೆಯೋ ಕಲ್ಲು, ಬಚ್ಚಲಿಂದ ನಮ್ಮತ್ತೆ ಬರೋ ದಾರಿ, ಎರಡೂ ಅದರ ಎದುರಿಗೇ ಇವೆ. ನಿಮ್ಮ ಮೇಲೆ ನಮಗೆ ಅನುಮಾನ ಇಲ್ಲ, ಆ ಮಾತೇ ಬೇಡ. ಆದರೂ ಅತ್ತೆಗೆ ಮುಜುಗರ, ಆ ಕಡೆ ತಿರುಗಿ ತಿರುಗಿ ನೋಡ್ತಾರೆ. ಮೂರಡಿ ಎಡಕ್ಕೆ ಸರಿಸಿ ಕೆಳಕ್ಕೆ ಬಾಗಿಸಿದರೆ ಆಯ್ತು. ಅಷ್ಟಾದರೂ ಮೂಲೆ ಕಂಡರೆ ಮೆನುವಿನಲ್ಲಿ ಪ್ರೈವೆಸಿ ಮಾಸ್ಕ್ ಅಂತಿರತ್ತೆ, ಬೆರಳಲ್ಲಿ ಒಂದು ಚೌಕ ಎಳೆದರೆ ಅಷ್ಟು ಜಾಗ ಕಪ್ಪಾಗಿ ಹೋಗತ್ತೆ, ರೆಕಾರ್ಡಿಂಗ್‌ನಲ್ಲೂ ಬರಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರಲ್ಲ, ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. 2025ರಲ್ಲಿ ಕಲ್ಕತ್ತಾ ಹೈಕೋರ್ಟು, ಒಂದೇ ಮನೆಯಲ್ಲಿರೋ ಅಣ್ಣತಮ್ಮಂದಿರೂ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ಇಡೋ ಹಾಗಿಲ್ಲ ಅಂತು. ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಕೆಲಸಕ್ಕೆ ಬರೋ ಗಂಗಮ್ಮನಿಗೂ ಹೇಳಿಬಿಡಿ, ಇಲ್ಲಿ ಇಲ್ಲಿ ಕ್ಯಾಮೆರಾ ಇದೆ ಅಂತ. ಮಗಳು ಒಳಗಿನ ಹಾಲಿನಲ್ಲೂ ಒಂದು ಬೇಕು ಅಂದ್ರೆ ಮಾಮಿಯವರನ್ನು ಕೇಳದೆ ಹಾಕಿಸಬೇಡಿ. ಪುಣೆಯಿಂದ ಯಾರೋ ನೋಡ್ತಾ ಇದಾರೆ ಅಂತ ಅವರು ಮಧ್ಯಾಹ್ನ ಮಲಗೋದಕ್ಕೂ ಹಿಂದೆಮುಂದೆ ನೋಡೋ ಹಾಗಾಗಬಾರದು, ಅದು ಪ್ರೀತಿಯಿಂದ ನೋಡೋ ಮಗಳೇ ಆಗಿದ್ದರೂ.

ಗಡಿಯಾರ ಮರೀಬೇಡಿ. ಕೆಲವು ಡಬ್ಬಿಗಳು ಬೇರೆ ದೇಶದ ಸಮಯ ಇಟ್ಕೊಂಡೇ ಬರ್ತವೆ. ಜಿಎಂಟಿ ಪ್ಲಸ್ ಐದೂವರೆಗೆ ಹಾಕಿಸಿ, ಇಂಟರ್ನೆಟ್ಟಿಂದ ತಾನೇ ಸರಿಮಾಡ್ಕೊಳ್ಳೋ ಎನ್‌ಟಿಪಿ ಆನ್ ಮಾಡಿಸಿ. ಚಿತ್ರದ ಮೂಲೆಯಲ್ಲಿ ರಾತ್ರಿ ಎರಡು ಗಂಟೆ ಅಂತಿದ್ದು ನಿಜವಾಗಿ ನಡೆದಿದ್ದು ಹನ್ನೊಂದೂವರೆಗೆ ಆಗಿದ್ದರೆ ಸ್ಟೇಷನ್ನಿನಲ್ಲಿ, ಕೋರ್ಟಿನಲ್ಲಿ ವಿವರಿಸೋದು ಕಷ್ಟ. ದೇವರು ಅಂಥ ದಿನ ತರೋದು ಬೇಡ. ತಂದರೆ, ಅವತ್ತೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ರೆಕಾರ್ಡರನ್ನು ಹಾಗೇ ಇಟ್ಟಿರಿ. ಟಿವಿ ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ಅಲ್ಲಿಗೇ ಸುಮ್ಮನಾಗೋದು ಬೇಡ. ನಕಲನ್ನು ಸಾಕ್ಷಿಯಾಗಿ ಕೊಡೋದಕ್ಕೆ ಪ್ರಮಾಣಪತ್ರ ಬೇಕು. ಮೊದಲು ಅದು ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಅದರಲ್ಲಿ ಯಂತ್ರ ಯಾರ ಸುಪರ್ದಿನಲ್ಲಿತ್ತು ಅಂತ ಬರೀಬೇಕು. ಯಜಮಾನಿಕೆ ಅಂಗಡಿಯವನ ಖಾತೆಯಲ್ಲಿದ್ದರೆ ಏನಂತ ಬರೀತೀರಿ?

ರೆಕಾರ್ಡರನ್ನು ಟಿವಿ ಪಕ್ಕ ಎಲ್ಲರಿಗೂ ಕಾಣೋ ಹಾಗೆ ಇಡಬೇಡಿ, ಕಳ್ಳ ಮೊದಲು ಅದನ್ನೇ ಹೊರೋದು. ಹಳೇ ಪುಸ್ತಕದ ಕೋಣೆಯ ಅಟ್ಟ ಒಳ್ಳೇ ಜಾಗ. ಬಿಸಿಯಾಗತ್ತೆ, ಸುತ್ತ ಗಾಳಿ ಆಡಲಿ.

ಹಾಕಿಸಿದ ಮೇಲೆ ನಿಮಗೊಂದು ವಾರವಾರದ ಕೆಲಸ ಗಂಟು ಬೀಳತ್ತೆ, ಜೇಡ. ರಾತ್ರಿ ಕ್ಯಾಮೆರಾದ ಸುತ್ತ ಹುಳ ಬರ್ತವೆ, ಹುಳಕ್ಕೆ ಜೇಡ ಬರತ್ತೆ. ಗಾಜಿನ ಎದುರೇ ಒಂದೆಳೆ ಕಟ್ಟಿದರೂ ಪರದೆ ಮೇಲೆ ಅದು ಬೆಳ್ಳಗೆ ಹಗ್ಗದ ಹಾಗೆ ಅಲ್ಲಾಡತ್ತೆ, ಯಾರೋ ಬಂದರು ಅಂತ ಫೋನು ರಾತ್ರಿಯಿಡೀ ಕಿಣಿಕಿಣಿ. ಮಗಳಿಗೂ ನಿದ್ದೆ ಇಲ್ಲ. ವಾರಕ್ಕೊಮ್ಮೆ ಉದ್ದ ಕೋಲಿಗೆ ಮೆತ್ತಗಿನ ಬ್ರಷ್ ಕಟ್ಟಿ ಒರೆಸಿಬಿಡಿ. ಹಾಗೇ ಅವತ್ತೇ ಪ್ಲೇಬ್ಯಾಕ್‌ಗೆ ಹೋಗಿ ಹಿಂದಿನ ರಾತ್ರಿದು, ಹದಿನೈದು ದಿನದ ಹಿಂದಿನದು, ಎರಡೂ ತೆರೆಯತ್ತಾ ನೋಡಿ. ಲೈವ್ ಚೆನ್ನಾಗಿ ಕಾಣ್ತಿದ್ದೂ ಡಿಸ್ಕ್ ಸತ್ತು ತಿಂಗಳಾಗಿರೋದು ಎಷ್ಟೋ ಮನೆಯಲ್ಲಿ ಯಾರಿಗೂ ಗೊತ್ತೇ ಇರಲ್ಲ.

ಹುಡುಗ ನಾಳೆ ಎಷ್ಟು ಹೊತ್ತಿಗೆ ಬರ್ತಾನಂತೆ? ಹತ್ತರೊಳಗಾದರೆ ನಾನು ಮನೇಲೇ ಇರ್ತೀನಿ, ಒಂದು ಕೂಗು ಹಾಕಿ. ನಿಮ್ಮ ಫೋನು ಚಾರ್ಜ್ ಮಾಡಿಟ್ಟಿರಿ, ನಿಮ್ಮ ಇಮೇಲ್ ಪಾಸ್‌ವರ್ಡ್ ಏನಂತ ಇವತ್ತು ರಾತ್ರಿಯೇ ಮಗಳನ್ನು ಕೇಳಿ ಬರೆದಿಟ್ಕೊಳ್ಳಿ.