ಸೋಲಿನ ಪ್ರಭೇದಗಳು

ಯಾವ ಶಾಸ್ತ್ರವನ್ನಾದರೂ ಲಕ್ಷಣದಿಂದಲೇ ಶುರುಮಾಡಬೇಕು. ಕಾರ್ಫ್‌ಬಾಲ್ ಎಂದರೆ ಬುಟ್ಟಿಗೆ ಚೆಂಡು ಹಾಕುವ ಆಟ ಎಂದುಬಿಟ್ಟರೆ ಬಾಸ್ಕೆಟ್‌ಬಾಲು, ನೆಟ್‌ಬಾಲು ಎರಡೂ ಕರೆಯದೆ ಒಳಗೆ ಬಂದು ಕೂರುತ್ತವೆ. ತಾರ್ಕಿಕರು ಇದನ್ನು ಅತಿವ್ಯಾಪ್ತಿ ಎನ್ನುತ್ತಾರೆ. ಬೆತ್ತದ ಬುಟ್ಟಿ ಎಂದು ಬಿಗಿ ಮಾಡೋಣವೆಂದರೆ, ದೊಡ್ಡ ಪಂದ್ಯಗಳಲ್ಲಿ ಬುಟ್ಟಿ ಈಗ ಪ್ಲಾಸ್ಟಿಕ್ಕಿನದು, ಅಲ್ಲಿಗೆ ಅವ್ಯಾಪ್ತಿ. ನೆದರ್ಲೆಂಡ್ಸ್ ಸೋಲುವ ಆಟ ಎಂದರೆ ಅದು ಅಸಂಭವ. ಹೆಚ್ಚುಕಡಿಮೆ ಅಸಂಭವ. ಹೆಚ್ಚುಕಡಿಮೆ ಎಂದು ಏಕೆ ಸೇರಿಸಿದೆ ಎಂಬುದು ಮುಂದೆ ಬರುತ್ತದೆ.

ನಿರ್ದುಷ್ಟ ಲಕ್ಷಣ ಹೀಗೆ: ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಂದೇ ತಂಡವಾಗಿ, 3.5 ಮೀಟರ್ ಎತ್ತರದ ಕಂಬದ ಮೇಲಿನ, ಹಿಂದೆ ಹಲಗೆಯಿಲ್ಲದ ಬುಟ್ಟಿಗೆ, ಚೆಂಡು ಹಿಡಿದು ಓಡದೆ, ಪುಟಿಸಿಕೊಂಡೂ ಹೋಗದೆ ಗೋಲು ಹಾಕುವುದು. ಗಂಡಸನ್ನು ಗಂಡಸೇ ಕಾಯಬೇಕು, ಹೆಂಗಸನ್ನು ಹೆಂಗಸೇ. ಎರಡು ಗೋಲು ಬಿದ್ದೊಡನೆ ದಾಳಿ ಮಾಡುತ್ತಿದ್ದವರು ಕಾಯುವವರಾಗುತ್ತಾರೆ, ಕಾಯುತ್ತಿದ್ದವರು ದಾಳಿಗೆ ಇಳಿಯುತ್ತಾರೆ. ಪುನರ್ಜನ್ಮವನ್ನು ಇಷ್ಟು ಬೇಗ ಕೊಡುವ ಆಟ ನನಗೆ ತಿಳಿದಂತೆ ಬೇರೊಂದಿಲ್ಲ.

ಗುರುಪರಂಪರೆ ಚಿಕ್ಕದು. ಆಮ್‌ಸ್ಟರ್‌ಡ್ಯಾಮಿನ ಮೇಷ್ಟ್ರು ನೀಕೊ ಬ್ರೂಕ್‌ಹೌಸೆನ್ ಸ್ವೀಡನ್ನಿನ ನೇಸ್ ಎಂಬಲ್ಲಿಗೆ ತರಬೇತಿಗೆ ಹೋಗಿ, ಅಲ್ಲಿ ರಿಂಗಿನೊಳಗೆ ಚೆಂಡು ತೂರಿಸುವ ಒಂದು ಆಟ ನೋಡಿ ಬಂದರು. 1902ರಲ್ಲಿ ರಿಂಗಿನ ಜಾಗಕ್ಕೆ ಬುಟ್ಟಿ ಕಟ್ಟಿ, ತಮ್ಮ ಶಾಲೆಯ ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಆಡಿಸಿದರು. ಡಚ್ ಭಾಷೆಯಲ್ಲಿ ಕಾರ್ಫ್ ಎಂದರೆ ಬುಟ್ಟಿ. ಹುಡುಗಿಯರು ಹುಡುಗರ ಜೊತೆ ಆಡುವುದೇ ಎಂದು ಹುಬ್ಬೇರಿಸಿದವರು ಆಗ ಬೇಕಾದಷ್ಟಿದ್ದರು. ಅವರನ್ನೂ ಒಂದು ವರ್ಗ ಮಾಡಬಹುದಿತ್ತು, ಆದರೆ ಆ ವರ್ಗ ಎಲ್ಲ ಊರಲ್ಲೂ ಸಿಗುತ್ತದೆ.

ಈಗ ಪ್ರಕೃತ ವಿಷಯ: 1998ರಲ್ಲಿ ಪೋರ್ಚುಗಲ್‌ನಲ್ಲಿ ಮೊದಲ ಬಾರಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್. ಇಲ್ಲಿ ಗೆಲುವು ಏಕರೂಪಿ, ಆದ್ದರಿಂದ ವಿಂಗಡಿಸಲು ಬರುವುದಿಲ್ಲ. ಚಿನ್ನ ಪ್ರತಿಸಲವೂ ನೆದರ್ಲೆಂಡ್ಸಿನದೇ. ಪಂಡಿತನಿಗೆ ಕೆಲಸ ಸಿಗುವುದು ಸೋಲಿನಲ್ಲಿ ಮಾತ್ರ.

ಸೋಲುವ ಮೊದಲು ‘ರಾಷ್ಟ್ರ’ ಎಂದರೇನು ಎಂಬುದು ತೀರ್ಮಾನವಾಗಬೇಕಲ್ಲ! ವಿಶ್ವಸಂಸ್ಥೆಯ ಪಟ್ಟಿ ಹಿಡಿದು ಇಲ್ಲಿಗೆ ಬಂದವರು ಬೆಪ್ಪಾಗುತ್ತಾರೆ. ಬ್ರಿಟನ್ ಎಂಬ ತಂಡವಿಲ್ಲ; ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಬೇರೆ ಬೇರೆ ಒಲೆ ಹೂಡಿವೆ. ಸ್ಪೇನ್ ಇರಬೇಕಾದ ಕಡೆ ಕ್ಯಾಟಲೋನಿಯಾ ತನ್ನದೇ ಬಾವುಟದ ಕೆಳಗೆ ನಿಂತಿದೆ. 2024ರ ಚಾಂಪಿಯನ್‌ಶಿಪ್ ನಡೆದದ್ದೂ ಅಲ್ಲಿನ ಕಲೋಂಜೆಯಲ್ಲೇ. ಬಾರ್ಸಿಲೋನಾದಲ್ಲಿ ವರ್ಷಗಟ್ಟಲೆ ಮೆರವಣಿಗೆ ಮಾಡಿದರೂ ಸಿಗದ ಸ್ವಾತಂತ್ರ್ಯ 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಸಿಕ್ಕಿದೆ. ಇವನ್ನು ‘ಬುಟ್ಟಿಸಾರ್ವಭೌಮ’ ರಾಷ್ಟ್ರಗಳೆಂದು ಕರೆಯುತ್ತೇನೆ.

ಸೋಲಿನ ಮೊದಲ ಪ್ರಭೇದ ‘ಅನುಜಸೋಲು’. ಇದರ ಒಡೆಯ ಬೆಲ್ಜಿಯಂ, ಅದರಲ್ಲೂ ಆಂಟ್‌ವರ್ಪ್ ಸುತ್ತಮುತ್ತಲಿನ ಡಚ್ ಮಾತಾಡುವ ಜನ. ಪಕ್ಕದ ಮನೆ, ಅದೇ ಭಾಷೆ, ಅದೇ ಆಟ. ಆದರೆ ಅಣ್ಣನ ಮನೆಯಲ್ಲಿ ಹಳ್ಳಿಹಳ್ಳಿಗೂ ಕ್ಲಬ್ಬು, ಲೀಗಿನ ಫೈನಲ್ಲಿಗೆ ರೊಟರ್‌ಡ್ಯಾಮಿನ ಅಹೋಯ್ ಸಭಾಂಗಣದ ತುಂಬ ಜನ. ತಮ್ಮ ಫೈನಲ್ಲಿಗೆ ಬರುತ್ತಾನೆ, ಸೋಲುತ್ತಾನೆ, ಬೆಳ್ಳಿ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಇಷ್ಟೇ ಆಗಿದ್ದರೆ ಶಾಸ್ತ್ರ ಸುಖವಾಗಿರುತ್ತಿತ್ತು. 1991ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಆಂಟ್‌ವರ್ಪ್‌ನಲ್ಲೇ, ತಮ್ಮ ಅಣ್ಣನನ್ನು ಸೋಲಿಸಿಬಿಟ್ಟ. 1978ರಿಂದ 2023ರವರೆಗೆ ನಡೆದ 12 ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ 11 ನೆದರ್ಲೆಂಡ್ಸಿನವು. ಉಳಿದ ಆ ಒಂದು ನನ್ನ ‘ಅಸಂಭವ’ದ ಪಕ್ಕಕ್ಕೆ ‘ಹೆಚ್ಚುಕಡಿಮೆ’ ತಂದು ನಿಲ್ಲಿಸಿದೆ.

ಎರಡನೆಯದು ‘ತೃತೀಯಕಾಮಿ ಸೋಲು’. ನಿಜವಾದ ಯುದ್ಧ ಇಲ್ಲಿದೆ. ಪೋರ್ಚುಗಲ್, ಜರ್ಮನಿ, ಜೆಕ್, ಇಂಗ್ಲೆಂಡ್, ಕ್ಯಾಟಲೋನಿಯಾ, ಹಂಗೇರಿ ಎಲ್ಲರ ಕಣ್ಣೂ ಒಂದೇ ಕಂಚಿನ ಮೇಲೆ. ನೆದರ್ಲೆಂಡ್ಸ್ ಎದುರು ಸೋತದ್ದನ್ನು ಇವರು ಮಳೆ ಬಂತು ಎಂಬಷ್ಟೇ ಸಹಜವಾಗಿ ಹೇಳಬಲ್ಲರು. ಆದರೆ ತಮ್ಮತಮ್ಮಲ್ಲೇ ಒಂದು ಗೋಲಿನಿಂದ ಸೋತದ್ದು ಮುಂದಿನ ಚಾಂಪಿಯನ್‌ಶಿಪ್‌ವರೆಗೂ ಎದೆಯಲ್ಲಿ ಕುದಿಯುತ್ತಿರುತ್ತದೆ. ಜರ್ಮನಿ ಈ ವರ್ಗದ ಮೇಲ್ಮಾದರಿ: 2019ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ, ಕಂಚನ್ನು ಗೆದ್ದೇ ತಂದಿತು. ಗೆದ್ದವರನ್ನು ಸೋಲಿನ ಪ್ರಭೇದದಲ್ಲಿ ಇಡುವುದು ಹೇಗೆ ಎಂದು ಪೂರ್ವಪಕ್ಷ ಎದ್ದರೆ, ಕಂಚೂ ಸೋಲಿನ ನೆರಳಲ್ಲೇ ಹೊಳೆಯುವ ಲೋಹ ಎಂಬುದು ಸಿದ್ಧಾಂತ.

ಮೂರನೆಯದು ‘ಸ್ವಂತಖರ್ಚಿನ ಸೋಲು’. ವಿಮಾನದ ಟಿಕೆಟ್ಟಿಗೆ ಆಟಗಾರರೇ ಜೇಬಿಗೆ ಕೈಹಾಕಿ, ರಜೆ ಹಾಕಿ ಬಂದು, ಸೋತು, ಸೋಮವಾರ ಆಫೀಸಿಗೆ ಹೋಗುವುದು. ನನಗೆ ಹೆಚ್ಚು ಗೌರವ ಇರುವುದು ಇದರ ಮೇಲೆ.

ನಾಲ್ಕನೆಯದು ‘ರೆಫರಿ ಸೋಲು’, ಸೂಕ್ಷ್ಮವಾದದ್ದು. ರಕ್ಷಣೆಗೆ ಸಿಕ್ಕವರು ಬುಟ್ಟಿಗೆ ಹಾಕಿದರೆ ಗೋಲು ಲೆಕ್ಕಕ್ಕಿಲ್ಲ. ರಕ್ಷಣೆಗೆ ಸಿಕ್ಕರು ಎನ್ನಲು ಎದುರಾಳಿ ಅವರ ಕಡೆ ಮುಖ ಮಾಡಿ ಕೈಯಳತೆಯಲ್ಲಿರಬೇಕು, ಅವರಿಗಿಂತ ಕಂಬಕ್ಕೆ ಹತ್ತಿರವಿರಬೇಕು, ಚೆಂಡನ್ನು ನಿಜವಾಗಿ ತಡೆಯಲು ನೋಡುತ್ತಿರಬೇಕು. ಚೆಂಡು ಕೈಬಿಡುವ ಆ ಚಣದಲ್ಲಿ ರೆಫರಿ ದೂರ, ದಿಕ್ಕು, ಮನಸ್ಸು ಮೂರನ್ನೂ ಅಳೆಯಬೇಕು. ಮೊದಲೆರಡಕ್ಕೆ ಕಣ್ಣು ಸಾಕು. ಮೂರನೆಯದಕ್ಕೆ ಯೋಗಿಗಳೇ ಬೇಕು. ಸೋತ ಕಡೆಯ ಪ್ರೇಕ್ಷಕರಿಗೆ ಮಾತ್ರ ಆ ಯೋಗಶಕ್ತಿ ಗ್ಯಾಲರಿಯಲ್ಲಿ ಕೂತ ತಕ್ಷಣ ಬಂದುಬಿಡುತ್ತದೆ.

‘ಬಿ’ ಚಾಂಪಿಯನ್‌ಶಿಪ್ ಎಂಬ ಕೆಳ ಅಂತಸ್ತೊಂದಿದೆ. ಅಲ್ಲಿನ ಸೋಲುಗಳನ್ನು ಎಣಿಸಲು ಬೇರೆಯೇ ಗ್ರಂಥ ಬೇಕು.

ಇದೆಲ್ಲ ಯುರೋಪಿನ ಗೊಡವೆ, ನಮಗೇಕೆ ಎನ್ನುವವರಿಗೆ ಒಂದು ಮಾತು: 1995ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ದೆಹಲಿಯಲ್ಲಿ. ಗೆದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ. 2023ರಲ್ಲಿ ತೈಪೆಯಲ್ಲಿ ನಡೆದಾಗ ಫೈನಲ್ಲಿನಲ್ಲಿ ನೆದರ್ಲೆಂಡ್ಸ್ ಎದುರು ನಿಂತದ್ದು ಬೆಲ್ಜಿಯಂ ಅಲ್ಲ, ಚೈನೀಸ್ ತೈಪೆ. ಅವರೂ ಸೋತರು. ಅದು ಏಷ್ಯಾದ ಸೋಲು, ಯುರೋಪಿನ ಈ ಪಟ್ಟಿಯಲ್ಲಿ ಅದಕ್ಕೆ ಜಾಗ ಸಾಲದು.

ನಿತ್ಯವಿಜಯಿ ಎಂಬ ವರ್ಗದಲ್ಲಿ ಸದ್ಯಕ್ಕಿರುವುದು ಒಂದೇ ಹೆಸರು. ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಯಾರಾದರೂ ಗೆದ್ದು ಬಂದರೆ, ಓದುಗರೇ, ದಯವಿಟ್ಟು ಪೆನ್ಸಿಲ್‌ನಲ್ಲಿ ಬರೆಯಿರಿ.